ಏಳನೇ ಬಟ್ಟಲು

ಸುರ್ರ್ ಅಂತ ಎಳೆದ ಆ ಸದ್ದು ರುದ್ರಪ್ಪನವರದೇ, ಬೇರೆ ಯಾರಿಗೂ ಅಷ್ಟು ಜೋರಾಗಿ ಬರುವುದಿಲ್ಲ, ಕಾಫಿಯ ರುಚಿ ನೋಡುವುದು ಅಂದರೆ ಸದ್ದು ಮಾಡುವುದು ಅಂತಲೇ ತಿಳಿದಿದ್ದಾರೆ ನಮ್ಮ ಸೊಸೈಟಿಯ ಅಧ್ಯಕ್ಷರು, ಎಳೆದ ಮೇಲೆ ಕಣ್ಣು ಮುಚ್ಚುತ್ತಾರೆ, ಭಾರೀ ಧ್ಯಾನ, ಆಮೇಲೆ ಡಬ್ಬಕ್ಕೆ ಉಗಿಯುತ್ತಾರೆ, ಅರ್ಧ ಡಬ್ಬಕ್ಕೆ ಅರ್ಧ ಅಂಗಿಗೆ — ನಗಬಾರದು, ಈ ಕೋಣೆಯ ನಿಯಮ ನಾನೇ ಬರೆದು ಗೋಡೆಗೆ ಅಂಟಿಸಿದ್ದು, ಅಂಕ ಬರೆದು ಹಾಳೆ ಮಗುಚುವ ತನಕ ಯಾರೂ ಮಾತಾಡಕೂಡದು, ಹುಬ್ಬೇರಿಸಕೂಡದು, ತಲೆದೂಗಕೂಡದು, ಒಬ್ಬರ ನಾಲಿಗೆಗೆ ಅನಿಸಿದ್ದು ಇನ್ನೊಬ್ಬರಿಗೆ ಗೊತ್ತಾಗಕೂಡದು. ಕಾತ್ಯಾಯಿನಿ ಮೇಡಂ ಚಮಚ ಹಿಡಿದರೆ ನೊಣವೂ ಗುಂಯ್ ಅನ್ನಲ್ಲ ಅಂತ ಮಲ್ಲಂದೂರಿನಲ್ಲೊಂದು ತಮಾಷೆ ಇದೆ, ಇರಲಿ, ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳಿಗೆ ಅಷ್ಟು ಹೆಸರು ಬೇಡವೆ. ಮೇಜಿನ ಮೇಲೆ ಎಂಟು ಬಟ್ಟಲು, ಎಂಟು ಜನ ಸಣ್ಣ ಬೆಳೆಗಾರರ ಕಾಫಿ, ಹೆಸರಿಲ್ಲ, ನಂಬರ್ ಮಾತ್ರ. ಸುತ್ತ ನಾಲ್ವರು, ರುದ್ರಪ್ಪನವರು, ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನ ಪ್ರಸಾದ್, ನಾನು, ಮತ್ತೆ ಕೊಳ್ಳುವವರ ಕಡೆಯಿಂದ ಚೀನಾದಿಂದ ಬಂದ ಹುಡುಗಿ ಜಿಂಗ್, ಇಪ್ಪತ್ತಾರೋ ಇಪ್ಪತ್ತೇಳೋ, ಕೂದಲು ಎತ್ತಿ ಕಟ್ಟಿದ್ದಾಳೆ, ಎಳೆಯುವಾಗ ಸದ್ದೇ ಇಲ್ಲ, ಕಲಿತವಳು. ಅವಳ ಹಿಂದೆ ಒಂದು ಮಾರು ದೂರದಲ್ಲಿ ಬೂದು ಅಂಗಿಯವನು ನಿಂತಿದ್ದಾನೆ. ಅವನ ಕೈಯಲ್ಲಿ ಚಮಚ ಇಲ್ಲ, ನೋಟ್‌ಬುಕ್ ಇದೆ.

ಕಾಫಿ ಕುಡಿಯದವನಿಗೆ ಕಾಫಿ ಕೋಣೆಯಲ್ಲಿ ಏನು ಕೆಲಸ, ಮೊನ್ನೆಯೇ ಕೇಳಿದ್ದೆ, ಏಜೆಂಟ್ ಅಜಿತ್ ಹಲ್ಲು ಕಿರಿದ, ಅವ್ರು ಕಂಪನಿಯವ್ರಲ್ಲ ಮೇಡಂ, ಕಂಪನಿ ಒಳಗೆ ಕಮ್ಯುನಿಸ್ಟ್ ಪಾರ್ಟಿ ಕಮಿಟಿ ಅಂತ ಇರುತ್ತೆ ಅಲ್ಲಿ, ಅದ್ರವ್ರು, ಸುಮ್ನೆ ಜತೆಗೆ ಬರ್ತಾರೆ. ಸುಮ್ಮನೆ ಜತೆಗೆ, ಮದುವೆಗೆ ಬಂದ ಅತ್ತೆಯ ಹಾಗೆ. ನೂರನಲವತ್ತು ಕೋಟಿ ಜನ, ಅಷ್ಟು ದೊಡ್ಡ ಸೈನ್ಯ, ಚಂದ್ರನ ಬೆನ್ನಿಗೆ ಹೋಗಿ ಮಣ್ಣು ಕೆರೆದು ತಂದವರು, ಒಬ್ಬಳು ಹುಡುಗಿ ಮಲ್ಲಂದೂರಿನಲ್ಲಿ ಕೂತು ಒಂದು ಚಮಚ ಕಾಫಿ ಬಾಯಿಗೆ ಹಾಕಿಕೊಳ್ಳಲು ಹಿಂದೊಬ್ಬ ಕಾವಲಿನವನು ಬೇಕು, ಎಂಥಾ ಪುಕ್ಕಲು ಶೂರರು ಮಾರಾಯ. ಅರುಣಾಚಲದಲ್ಲಿರುವ ನಮ್ಮ ಊರುಗಳಿಗೆ ಅಲ್ಲಿ ಕೂತು ಹೆಸರಿಡುತ್ತಾರೆ, ಯಾರದೋ ಮನೆ ಕೂಸಿಗೆ ಇವರ ನಾಮಕರಣ, ಬ್ರಹ್ಮಪುತ್ರಕ್ಕೆ ಮೇಲ್ಗಡೆ ಅಣೆಕಟ್ಟು ಕಟ್ಟುತ್ತಾ ಕೆಳಗಿನವರಿಗೆ ಏನೂ ತೊಂದರೆಯಿಲ್ಲ ಅನ್ನುತ್ತಾರೆ — ಮೇಲಿನ ತೋಟದವನು ಹಳ್ಳಕ್ಕೆ ಕಟ್ಟ ಹಾಕಿ ಹೇಳುವ ಮಾತೂ ಅದೇ, ಕಳಸದಿಂದ ಬಣಕಲ್ ತನಕ ಅದನ್ನು ಕೇಳದ ಕಿವಿಯಿಲ್ಲ, ಬೇಸಿಗೆಯಲ್ಲಿ ಕೆಳಗಿನವನ ಬಾವಿ ನೋಡಿದರೆ ಸಾಕು. ರೋಗ ಬರುತ್ತಿದೆ ಅಂದ ಡಾಕ್ಟರನನ್ನು ಕರೆಸಿ ಬಾಯಿ ಮುಚ್ಚು ಅಂದರು, ರೋಗ ಪಾರ್ಟಿ ಸದಸ್ಯನಲ್ಲವಲ್ಲ, ಮಾತು ಕೇಳಲಿಲ್ಲ, ಮೂಡಿಗೆರೆ ತನಕ ಬಂತು. ಯಾರಾದರೂ ಏನಾದರೂ ಅಂದರೆ ಇವರಿಗೆ ಮರ್ಯಾದೆ ಹೋಗುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಅಪ್ಪ ಕಳಸದ ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಿಂದೀ ಚೀನೀ ಭಾಯಿ ಭಾಯಿ ಕೂಗಿಸಿದ್ದರಂತೆ, ಅರವತ್ತೆರಡರಲ್ಲಿ ಅದೇ ಮಕ್ಕಳ ಮನೆಗೆ ಯುದ್ಧದ ನಿಧಿ ಎತ್ತಲು ಹೋದರು, ಅಮ್ಮನ ಬಲಗೈಯ ಬಳೆಯಿಂದಲೇ ಶುರು ಮಾಡಿದ್ದು, ಅಮ್ಮ ಆಮೇಲೆ ಯಾರೇ ಅಣ್ಣ ತಮ್ಮ ಅಂತ ಹಲ್ಲು ಬಿಟ್ಟುಕೊಂಡು ಬಂದರೂ ಮೊದಲು ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಈಗ ರುದ್ರಪ್ಪನವರು ಅದೇ ಭಾಯಿಗಳಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹೊರನಾಡಿಗೆ ಕರೆದುಕೊಂಡು ಹೋಗಿ ಊಟ ಮಾಡಿಸಿಕೊಂಡು ಬಂದಿದ್ದಾರೆ.

ನಾಲ್ಕು, ಹುಳಿ ಬಿದ್ದಿದೆ, ಇದು ಗಿಡ್ಡಪ್ಪನದೇ ಇರಬೇಕು, ಹುದುಗುವ ತೊಟ್ಟಿಯಲ್ಲಿ ಒಂದು ದಿನ ಜಾಸ್ತಿ ಬಿಟ್ಟಿದ್ದಾನೆ, ಎಪ್ಪತ್ತಾರು, ಉಗಿ, ಚಮಚ ಬಿಸಿನೀರಿಗೆ ಅದ್ದು. ಐದು, ಎಂಬತ್ತೊಂದು ಕೊಡಬಹುದು. ಆರು, ಹೊಗೆ ವಾಸನೆ, ಒಲೆ ಪಕ್ಕ ಒಣಗಿಸಿದ್ದಾನೆ ಪುಣ್ಯಾತ್ಮ. ಇನ್ನು ಏಳು. ಏಳು ತಣ್ಣಗಾಗಲಿ, ಎಂಟು ನೋಡಿ ಬರೋಣ — ನೋಡು, ನನ್ನ ಕಾಲೇ ಅದನ್ನು ದಾಟಿ ಹೋಗುತ್ತಿದೆ. ನಂಬರಿನ ಹಿಂದೆ ಯಾರು ಅಂತ ಗೊತ್ತಿರಬಾರದು, ಗೊತ್ತಿದ್ದರೆ ಅದು ರುಚಿ ನೋಡುವುದಲ್ಲ, ನೆಂಟಸ್ತಿಕೆ, ಅದನ್ನೂ ನಾನೇ ಬರೆದು ಅಂಟಿಸಿದ್ದೇನೆ, ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ರುದ್ರಪ್ಪನವರ ಫೋನ್ ಬಂತು, ಕಾತ್ಯಾಯಿನಿಯವ್ರೆ, ಏಳನೇ ನಂಬರು ನಮ್ಮ ಭೂತಯ್ಯಂದು, ಅದಕ್ಕೊಂದು ಎಪ್ಪತ್ತೊಂಬತ್ತು ಹಾಕಿಬಿಡಿ. ಯಾಕೆ ಅಂದೆ. ಯಾಕೆ ಅಂದ್ರೆ ಏನ್ ಹೇಳ್ಲಿ, ಚೀನಾದವ್ರೇನೂ ಬೇಡ ಅನ್ಲಿಲ್ಲ ಮತ್ತೆ, ತಪ್ಪು ತಿಳ್ಕೋಬೇಡಿ, ಆ ಕಾಫಿ ಯಾರ್ದು ಅಂತ ಕೇಳಿದ್ರು ಅಷ್ಟೆ, ಎರಡು ಸಲ ಕೇಳಿದ್ರು. ನೋಡು, ಎಷ್ಟು ಚೊಕ್ಕ, ಅವರು ಬೇಡ ಅನ್ನುವುದಿಲ್ಲ, ಬೇಡ ಅಂತ ನಾವೇ ಅನ್ನಬೇಕು, ಕೈಗೆ ಕೊಳೆ ಅಂಟದ ಕೆಲಸ. ಭೂತಯ್ಯನ ಪರಿಚಯಕ್ಕೆ ನಾನು ಬರೆದ ಕಾರ್ಡು ಬದಲಾಯಿಸಿದರಾಯ್ತಲ್ಲ ಅಂದದ್ದಕ್ಕೆ, ಅದು ಆಗಲ್ಲ, ಅವ್ರ ಪುಸ್ತಕದಲ್ಲಿ ಬರ್ಕೊಂಡಾಗಿದೆ, ಒಬ್ಬನಿಗೋಸ್ಕರ ಉಳಿದ ಏಳು ಜನರದು ನಿಂತುಹೋಗೋದು ಬೇಡ, ಎಲ್ಲ ತಿಳಿದವ್ರು ನೀವು. ತಿಳಿದವಳು. ನಾಲ್ವರಲ್ಲಿ ಇಬ್ಬರು ಎಂಬತ್ತು ದಾಟಿಸಿದರೆ ಕಾಫಿ ಬೆಳೆದವನ ಹೆಸರಲ್ಲೇ ಹೋಗುತ್ತದೆ, ಚೀಲದ ಮೇಲೆ ಅವನ ಹೆಸರು, ಇಲ್ಲದಿದ್ದರೆ ಸೊಸೈಟಿಯ ರಾಶಿಗೆ ಸುರಿಯುವುದು, ಯಾರದು ಅಂತ ಗುರುತಿಲ್ಲ. ಭೂತಯ್ಯ ನಲವತ್ತು ವರ್ಷ ಎಸ್ಟೇಟಿನಲ್ಲಿ ಮೇಸ್ತ್ರಿ, ಹೊತ್ತ ಚೀಲಗಳ ಮೇಲೆಲ್ಲ ಯಾರ್ಯಾರದೋ ಹೆಸರು, ಈಗ ಗುಡ್ಡದ ಮೇಲೆ ಅವನದೇ ಎರಡು ಎಕರೆ, ಮೊದಲ ಸಲ ಮೇಜಿಗೆ ಬಂದಿದ್ದಾನೆ, ಹೋದ ವಾರ ಕೇಳಿದ, ಅಮ್ಮಾವ್ರೆ, ಹೆಸ್ರು ಬರೀತಾರಲ್ಲ ಚೀಲದ್ ಮೇಲೆ, ದೊಡ್ಡಕ್ಕೆ ಕಾಣೋ ಹಂಗೆ ಬರೀತಾರಾ, ನಮ್ ಮನೆಯೋಳು ಸಿದ್ದಮ್ಮಂಗೆ ಕಣ್ಣು ಮಂಜು. ಬರೆಸ್ತೀನಿ ಭೂತಯ್ಯ ಅಂದಿದ್ದೆ. ನನ್ನ ಬಾಯಿಂದಲೇ ಅಂದಿದ್ದೆ.

ನಿನ್ನೆ ಬೆಳಗ್ಗೆ ಇವರನ್ನೆಲ್ಲ ಅವನ ಕಣಕ್ಕೆ ಕರೆದುಕೊಂಡು ಹೋದವಳೂ ನಾನೇ, ಪಾರ್ಚ್‌ಮೆಂಟ್ ಕಾಫಿ, ಹಣ್ಣಿನ ಸಿಪ್ಪೆ ತೆಗೆದು ತೊಳೆದದ್ದು, ಒಣಗಲು ಹರಡಿತ್ತು, ಮಗ ಬಾಲರಾಜ್ ಹಲುಬೆ ಹಿಡಿದು ಕಾಳು ಎಳೆದು ಮಗುಚುತ್ತಿದ್ದ, ಆ ಹುಡುಗಿ ಚಪ್ಪಲಿ ಬಿಟ್ಟು ಕಣಕ್ಕೆ ಇಳಿದಳು, ಯಾರೂ ಹೇಳಿರಲಿಲ್ಲ, ಬಗ್ಗಿ ಒಂದು ಕಾಳು ತೆಗೆದು ಹಲ್ಲಿನ ಮಧ್ಯೆ ಇಟ್ಟು ಕಟ್ ಅನ್ನಿಸಿದಳು, ಒಣಗಿದೆಯೋ ಇಲ್ಲವೋ ಅಂತ ಭೂತಯ್ಯನೂ ಹಾಗೇ ನೋಡುವುದು, ಮೆಷಿನ್ ಇದ್ದರೂ ಅವನಿಗೆ ಹಲ್ಲೇ ಆಗಬೇಕು, ಇವ್ರೂ ನಮ್ಮೋರೇ ಕಣಮ್ಮಾ ಅಂತ ನಕ್ಕ, ಅಜಿತ್ ಅದನ್ನು ತಿರುಗಿಸಿ ಹೇಳಿದಾಗ ಅವಳೂ ನಕ್ಕಳು, ಯುನ್ನಾನ್ ಅಂತೆ ಅವಳ ಕಡೆ, ಅಜ್ಜಿ ಕಾಫಿ ಕೊಯ್ಯುವವಳಂತೆ. ಆಮೇಲೆ ಬಾಲರಾಜನ ಕಾಲು ನೋಡಿದಳು, ಕುಂಟುತ್ತಾನಲ್ಲ, ಏನಾಯಿತು ಅಂತ ಸನ್ನೆ ಮಾಡಿದಳು, ಅವನು ಮುಚ್ಚುಮರೆ ಇಲ್ಲದ ಹುಡುಗ, ಚಳಿಗೆ ಬೆರಳು ಹೋಯ್ತು, ಮೂರು, ಲಡಾಖ್, ಅಂದ. ಆ ಒಂದು ಮಾತಿಗೆ ಅನುವಾದ ಬೇಕಾಗಲಿಲ್ಲ. ಬೂದು ಅಂಗಿಯವನು ಪೆನ್ನಿನ ಮುಚ್ಚಳ ತೆಗೆದ, ನನ್ನ ಕಾರ್ಡನ್ನೂ ಓದಿದ, ಭೂತಯ್ಯ ಬೆಳೆದದ್ದು, ಲಡಾಖಿನ ಗಡಿಯಲ್ಲಿ ಕಾದು ಬಂದ ಮಗ ಒಣಗಿಸಿದ್ದು, ಇಂಗ್ಲಿಷಿನಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೆ ನಾನು, ಹುಡುಗಿಯನ್ನು ಒಂದು ಶಬ್ದ ಹೇಳಿ ಕರೆದ, ಅವಳು ಕೈಯಲ್ಲಿದ್ದ ಕಾಳು ಕೆಳಗೆ ಹಾಕಿ ಬಂದು ಚಪ್ಪಲಿ ಮೆಟ್ಟಿಕೊಂಡಳು. ಮೂರು ಕಾಲ್ಬೆರಳಿಗೆ ಹೆದರುವ ಸರ್ಕಾರ, ಥೂ.

ಏಳು. ಚಮಚ ಅದ್ದಿದೆ, ಎಳೆದೆ — ಕಿತ್ತಳೆ ಸಿಪ್ಪೆ, ಅವನ ಗುಡ್ಡದ ಕಿತ್ತಳೆ ಗಿಡಗಳೇ, ಆಮೇಲೆ ಬೆಲ್ಲದ ಪಾಕ ಈಗಷ್ಟೇ ಎಳೆ ಬಂದ ಹಾಗೆ, ಉಗಿದ ಮೇಲೂ ಹೋಗುವುದಿಲ್ಲ, ಎಂಬತ್ತೇಳು, ಮನಸ್ಸು ಬಿಚ್ಚಿ ಹೇಳಿದರೆ ಎಂಬತ್ತೆಂಟು, ನಾಲ್ಕು ವರ್ಷದಲ್ಲಿ ಈ ಮೇಜಿಗೆ ಇಂಥದ್ದು ಬಂದಿಲ್ಲ. ರುದ್ರಪ್ಪನವರು ಆಗಲೇ ಬರೆದು ಪೆನ್ನು ಜೇಬಿಗೆ ಹಾಕಿದ್ದಾರೆ, ಪ್ರಸಾದ್ ನನ್ನ ಮುಖ ನೋಡುವುದಿಲ್ಲ, ಅವನದೂ ಮುಗಿಯಿತು. ಹುಡುಗಿ ಏಳಕ್ಕೆ ಬಂದಳು, ಎಳೆದಳು, ಡಬ್ಬಕ್ಕೆ ಬಗ್ಗಿದಳು, ಬಗ್ಗಿದವಳು ಉಗಿಯಲಿಲ್ಲ, ನೆಟ್ಟಗಾದಳು, ಗಂಟಲು ಒಂದು ಸಲ ಮೇಲೆದ್ದು ಇಳಿಯಿತು. ನುಂಗಿದಳು. ನಮ್ಮ ಕೆಲಸದಲ್ಲಿ ನುಂಗುವುದಿಲ್ಲ, ನಲವತ್ತು ಬಟ್ಟಲು ನೋಡುವವರು ನುಂಗಿದರೆ ಸತ್ತೇಹೋಗುತ್ತಾರೆ, ಉಗಿಯಲು ಮನಸ್ಸೇ ಬರಲಿಲ್ಲ ಅಂದಾಗ ಮಾತ್ರ, ನಾನು ಇಷ್ಟು ವರ್ಷದಲ್ಲಿ ಎರಡೇ ಸಲ. ಅವಳಿಗೆ ಗೊತ್ತಾಯಿತು, ನನಗೆ ಗೊತ್ತಾದದ್ದೇ ಅವಳಿಗೂ ಗೊತ್ತಾಯಿತು, ನನ್ನ ಕಡೆ ನೋಡಿದಳು, ಒಂದು ಕ್ಷಣ, ನಾನು ಅಂಟಿಸಿದ ನಿಯಮ ಮುರಿದು. ನಾನು ಹಾಳೆ ನೋಡಿದೆ. ಇಬ್ಬರು ಬೇಕು, ನಾನು ಒಬ್ಬಳಾದೆ, ಎರಡನೆಯವರು ಎಲ್ಲಿಂದ ಬರಬೇಕು, ಇವಳಿಂದಲೋ, ಬೆನ್ನ ಹಿಂದೆ ಅವನು, ಅವನ ಹಿಂದೆ ಅಷ್ಟು ದೊಡ್ಡ ಸರ್ಕಾರ, ಪಾಪದ ಹುಡುಗಿ, ರುಚಿ ಗೊತ್ತಾಗಿ ಏನು ಬಂತು, ಆ ದೇಶದಲ್ಲಿ ಹುಟ್ಟಿದವಳು ಹೇಳಿದ್ದನ್ನೇ ಬರೆಯುತ್ತಾಳೆ, ಹುಟ್ಟಿನಿಂದ ಕಲಿಸಿದ್ದು ಅದನ್ನೇ ಅಲ್ಲವೆ, ಬಾಯಿ ಮುಚ್ಚು, ಸಾಲಿನಲ್ಲಿ ನಿಲ್ಲು. ನನ್ನೊಬ್ಬಳ ಎಂಬತ್ತೆಂಟು ಯಾವ ಸೌಭಾಗ್ಯಕ್ಕೆ, ಭೂತಯ್ಯನ ಹೆಸರು ಹೇಗೂ ಬರುವುದಿಲ್ಲ, ರುದ್ರಪ್ಪನವರ ಮುಖ ದಪ್ಪಗಾಗುತ್ತದೆ, ಉಳಿದ ಏಳು ಜನ ನನ್ನ ಮನೆ ಬಾಗಿಲಿಗೆ ಬರುತ್ತಾರೆ, ಮುಂದಿನ ವರ್ಷ ನೋಡೋಣ, ಬೇರೆ ಯಾರಾದರೂ ಕೊಳ್ಳುವವರು ಸಿಗುತ್ತಾರೆ, ಅರ್ಧ ಅಂಕ ಇಲ್ಲಿ, ಒಂದು ಅಂಕ ಅಲ್ಲಿ, ಹುಳಿ ಸ್ವಲ್ಪ ಜಾಸ್ತಿ ಅಂತ ಬರೆದರಾಯಿತು. ಏಳು ಬರೆದೆ. ಪಕ್ಕದಲ್ಲಿ ಒಂಬತ್ತು ಬರೆದೆ. ನನ್ನ ಅಕ್ಷರ ಎಂದಿನ ಹಾಗೇ ದುಂಡಗಿತ್ತು.

ಹಾಳೆ ಮಗುಚಿದೆವು, ಅಜಿತ್ ಒಟ್ಟುಮಾಡಿ ಓದುತ್ತಿದ್ದಾನೆ, ಗಿಡ್ಡಪ್ಪನದು ಹೋಯಿತು, ಐದು ದಾಟಿತು, ಆರು ಹೋಯಿತು, ಹೊರಗೆ ಸೊಸೈಟಿಯ ಕಣದ ಕಟ್ಟೆಯ ಹತ್ತಿರ ಭೂತಯ್ಯ ನಿಂತಿದ್ದಾನೆ, ಕೂತ್ಕೋ ಅಂದರೂ ಕೂರುವುದಿಲ್ಲ, ಏಳು, ರುದ್ರಪ್ಪನವ್ರು ಎಪ್ಪತ್ತೊಂಬತ್ತು, ಪ್ರಸಾದ್ ಸರ್ ಎಪ್ಪತ್ತೊಂಬತ್ತು, ಮೇಡಂ ಎಪ್ಪತ್ತೊಂಬತ್ತು, ಮಿಸ್ ಜಿಂಗ್ — ನಿಲ್ಲಿಸಿದ, ಹಾಳೆಯನ್ನು ಕಣ್ಣಿನ ಹತ್ತಿರ ತಂದ — ಮಿಸ್ ಜಿಂಗ್ ಎಂಬತ್ತೆಂಟು. ರುದ್ರಪ್ಪನವರು ಕೆಮ್ಮಿದರು, ಆಯ್ತಲ್ಲ, ಒಬ್ರೇ, ಇಬ್ರು ಬೇಕು ನಿಯಮದ ಪ್ರಕಾರ, ಮುಂದಿಂದು ಓದು ಮಾರಾಯ. ಬೂದು ಅಂಗಿಯವನು ಕೈ ಚಾಚಿದ, ಅವಳ ಹಾಳೆ ಇಸಿದುಕೊಂಡ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿದ, ಅದು ಇನ್ನೆಲ್ಲಿಗೆ ಹೋಗುತ್ತದೋ, ಯಾರ ಮೇಜಿಗೋ, ಅವಳ ಅಜ್ಜಿಯ ಮನೆಗೆ ಯಾರು ಹೋಗುತ್ತಾರೋ, ಯಾರದು ಇದು ಅಂತ ಎರಡು ಸಲ ಕೇಳುತ್ತಾರೋ, ಅವಳು ಅವನ ಕಡೆ ನೋಡುತ್ತಲೇ ಇಲ್ಲ, ನನ್ನ ಕಡೆ ನೋಡುತ್ತಿದ್ದಾಳೆ, ಸಿಟ್ಟಿಲ್ಲ, ಲೆಕ್ಕ ತಪ್ಪಿತಲ್ಲ ಅನ್ನುವ ಹಾಗೆ, ನಾನು ಇದ್ದೇನೆ ಅಂತ ಅಂದುಕೊಂಡು ಬರೆದಿದ್ದಳು, ನನ್ನನ್ನು ನಂಬಿ ಬರೆದಿದ್ದಳು. ನನಗೆ ಯಾವ ಸರ್ಕಾರದ ಹೆದರಿಕೆ ಇತ್ತು, ನನ್ನ ಬೆನ್ನ ಹಿಂದೆ ಗೋಡೆ, ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ಕಾಗದ, ಯಾರು ಬಂದು ನನ್ನ ಕೈ ಹಿಡಿದಿದ್ದರು, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಇಬ್ಬರು ಬೇಕಿತ್ತು, ಒಬ್ಬಳು ಇದ್ದಳು. ಹೊರಗೆ ಹೋಗಿ ಏನು ಹೇಳಲಿ, ಎಷ್ಟು ಬಂತು ಅಮ್ಮಾವ್ರೆ ಅಂತ ಕೇಳುತ್ತಾನೆ, ಚೀನಾದವರು ಅಂತ ಹೇಳಲೇ, ಸರ್ಕಾರ ಅಂತ ಹೇಳಲೇ, ಏಳು ಜನರ ಹಿತ ಅಂತ ಹೇಳಲೇ, ಬಾಯಲ್ಲಿ ಇನ್ನೂ ಅವನ ಗುಡ್ಡದ ಕಿತ್ತಳೆ, ಎಷ್ಟು ಸಲ ಬಾಯಿ ಮುಕ್ಕಳಿಸಿದರೂ — ಅವಳು ಡಬ್ಬಕ್ಕೆ ಬಗ್ಗಿದ್ದಳು, ಉಗಿಯಲಿಲ್ಲ, ನೆಟ್ಟಗಾದಳು, ಆ ಗಂಟಲು — ಎಂಟನೇ ನಂಬರು ಓದುತ್ತಿದ್ದಾನೆ ಅಜಿತ್, ಕೇಳುತ್ತಿಲ್ಲ — ಎಳೆಯ ಗಂಟಲು, ಒಂದು ಸಲ ಮೇಲೆದ್ದು, ಇಳಿದದ್ದು.