ಅತ್ತೆ ಹುರಿದ ಆನೆಹುಣಸೆ ಪುಡಿ

ನಾಲ್ಕನೆಯ ಹನಿಗೇ ನೀಲಿ ಬಂತು. ನಾನು ನಳಿಕೆಯ ತಿರುಪು ಮುಚ್ಚಿದೆ.

ನಮ್ಮ ಆಹಾರ ಪರೀಕ್ಷಾಲಯದಲ್ಲಿ ಸಿ ಜೀವಸತ್ವ ಅಳೆಯುವುದು ಹೀಗೆ: ಪುಡಿ ಕದಡಿದ ನೀರಿಗೆ ಗಂಜಿ ಬೆರೆಸಿ, ಅಯೋಡಿನನ್ನು ಹನಿಹನಿಯಾಗಿ ಬಿಡುತ್ತೇವೆ. ಜೀವಸತ್ವ ಇರುವಷ್ಟು ಹೊತ್ತು ಅದು ಅಯೋಡಿನನ್ನು ನುಂಗುತ್ತಲೇ ಇರುತ್ತದೆ. ಮುಗಿದ ಕ್ಷಣ ನೀಲಿ. ಎಲ್ಲ ಪರೀಕ್ಷೆಗಳಲ್ಲಿ ನನಗೆ ಇದೇ ಇಷ್ಟ. ಏನೂ ಆಗದಿರುವುದನ್ನು ಎಣಿಸುವ ಕೆಲಸ ಬೇರೆಲ್ಲೂ ಸಿಗುವುದಿಲ್ಲ.

ಮಾದರಿಯ ಪೊಟ್ಟಣದ ಮೇಲೆ ಬರೀ ಸಂಖ್ಯೆಯಿತ್ತು. ಆದರೂ ಯಾರದೆಂದು ತಿಳಿಯಿತು. ಆನೆಹುಣಸೆಯ, ಅಂದರೆ ಬಾವೊಬಾಬ್ ಮರದ, ಕಾಯಿ ಒಡೆದು ಪುಡಿ ಮಾಡುವವಳು ನಮ್ಮೂರಿನಲ್ಲಿ ನನ್ನ ಸೋದರತ್ತೆ ಒಬ್ಬಳೇ. ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಕೊಡುವ ಶರಬತ್ತಿಗೆ ಅವಳ ಪುಡಿಯೋ, ಬಾಟಲಿಯ ಬಣ್ಣದ ನೀರೋ ಎಂದು ಅಂದು ಸಂಜೆ ಐದಕ್ಕೆ ಶಾಲೆಯವರು ತೀರ್ಮಾನಿಸುವವರಿದ್ದರು. ಅಷ್ಟರಲ್ಲಿ ವರದಿ ಅವರ ಕೈ ಸೇರಬೇಕು.

ನಾನು ಪರೀಕ್ಷಾಲಯದ ಮುಖ್ಯಸ್ಥೆ ಮೇಡಂ ಬಳಿ ಹೋಗಿ, "ಇದು ನಮ್ಮತ್ತೇದು. ನಾನು ಮುಟ್ಟಬಾರದಿತ್ತು" ಅಂದೆ.

"ನೀನಾಗೇ ಬಾಯಿ ಬಿಟ್ಟಿದ್ದು ಈ ವರ್ಷ ಇದೇ ಮೊದಲು," ಅಂದರು ಅವರು. "ಮೂರು ಗಂಟೆಯೊಳಗೆ ಇನ್ನೊಂದು ಮಾದರಿ ತರಲಿ. ಬೇರೆಯವರು ಮಾಡ್ತಾರೆ."

ಹೊರಗೆ ಬೆಂಚಿನ ಮೇಲೆ ಅತ್ತೆ ಕಾವಲುಗಾರನಿಗೆ ಪಾಠ ಹೇಳುತ್ತಿದ್ದಳು. "ಹಾಲಿಗಿಂತ ಜಾಸ್ತಿ ಸುಣ್ಣದಂಶ ಇದೆ ಕಣಪ್ಪಾ ಇದ್ರಲ್ಲಿ. ಭೇದಿಯಾದ್ರೆ ನೀರಲ್ಲಿ ಕದಡಿ ಕುಡಿಸ್ತಾರೆ. ಎಲೆ ಒಣಗಿಸಿ ಸಾರಿಗೆ ಹಾಕಿದ್ರೆ ಮೈಗೆ ರಕ್ತ. ತೊಗಟೆ ಕಷಾಯ ಜ್ವರಕ್ಕೆ. ಬೀಜದೆಣ್ಣೆ ಒಡೆದ ಹಿಮ್ಮಡಿಗೆ."

"ಬೋಳುತಲೆಗೆ?" ಅವನು ಟೋಪಿ ತೆಗೆದ.

"ವರ್ಷದಲ್ಲಿ ಅರ್ಧ ಆ ಮರಾನೇ ಬೋಳಾಗಿರುತ್ತೆ. ನಿನಗೆಲ್ಲಿಂದ ತರುತ್ತೆ?" ಅಂದವಳು ನನ್ನ ಕಡೆ ತಿರುಗಿದಳು. "ಏನೇ ಮೌನಗೌರಿ, ಪಾಸಾ?"

ನಾನು ಅವಳ ಮುಖವನ್ನೇ ನೋಡಿದೆ. ಪೊಟ್ಟಣ ಬಿಚ್ಚಿದಾಗ ಬಂದ ಹುರಿದ ವಾಸನೆ ಇನ್ನೂ ಮೂಗಿನಲ್ಲಿತ್ತು. ನಾನು ಖಾಲಿ ಬಿಟ್ಟ ಜಾಗವನ್ನೆಲ್ಲ ಅತ್ತೆ ತಾನೇ ತುಂಬುತ್ತಾಳೆ. ಚಿಕ್ಕಂದಿನಿಂದಲೂ ನಮ್ಮಿಬ್ಬರ ಸಂಭಾಷಣೆ ನಡೆಯುವುದು ಹಾಗೆಯೇ.

"ಯಾಕೆ ಹಾಗೆ ನೋಡ್ತೀಯ? ದಿನಾ ಮಾಡೋ ಹಾಗೇ ಮಾಡಿದ್ದು. ಕಾಯಿ ಒಡೆದೆ. ತಿರುಳು ಒಳಗೇ ಒಣಗಿರುತ್ತಲ್ಲ, ಕುಟ್ಟಿ ಜರಡಿ ಹಿಡಿದೆ. ಹ್ಞಾಂ, ಪರೀಕ್ಷೆಗೆ ಅಂತ ಸ್ವಲ್ಪ ಹುರಿದೆ."

"ಸ್ವಲ್ಪ ಅಂದ್ರೆ?"

"ಕೆಂಪಗಾಗೋವರೆಗೂ. ಮಗೂನ ಪರೀಕ್ಷೆಗೆ ಕಳಿಸೋವಾಗ ಸ್ನಾನ ಮಾಡಿಸಿ ಕಳಿಸಲ್ವೇನೇ? ಹಸಿ ಪುಡಿ ಕೊಟ್ರೆ ನಿಮ್ಮ ಮೇಡಂ ಏನಂದ್ಕೊಳ್ತಾರೆ?"

"ಸ್ನಾನ ಅಲ್ಲ ಅತ್ತೆ, ಬೇಯಿಸಿಬಿಟ್ಟಿದೀಯ. ಸಿ ಜೀವಸತ್ವ ಬಿಸಿಗೆ ನಿಲ್ಲಲ್ಲ."

ಅತ್ತೆಯ ಮುಖ ಸಪ್ಪಗಾಯಿತು. "ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳ್ಕೊಂಡ್ನಲ್ಲೇ." ಆಮೇಲೆ ಚೀಲಕ್ಕೆ ಕೈ ಹಾಕಿ, ಮೇಡಂಗೆ ಉಡುಗೊರೆ ಕೊಡಲು ತಂದಿದ್ದ ಇಡೀ ಕಾಯಿಯೊಂದನ್ನು ಹೊರತೆಗೆದಳು. "ಇದು ನಡೆಯುತ್ತಾ?"

ಮೇಡಂ ಉಡುಗೊರೆ ಬೇಡವೆಂದರು, ಮಾದರಿಯಾದರೆ ಸರಿ ಎಂದರು. ಅವರ ಕಣ್ಣೆದುರಿಗೇ ಕಾವಲುಗಾರ ಇಟ್ಟಿಗೆಯಿಂದ ಕಾಯಿ ಒಡೆದ. ಒಳಗಿನ ತಿರುಳು ಬಿಳಿ ಸುಣ್ಣದ ಉಂಡೆಗಳಂತೆ ಉದುರಿತು.

ನನ್ನ ಪಕ್ಕದ ಮೇಜಿನವನು ಪರೀಕ್ಷೆಗೆ ಕುಳಿತ. ಮೇಡಂ, ಕಾವಲುಗಾರ ಸೇರಿ ನಾವೆಲ್ಲ ಕಿಟಕಿಯ ಆಚೆ ನಿಂತೆವು. ಐದು ಹನಿ. ಹತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಇಪ್ಪತ್ತು. ನೀರು ನೀರಾಗಿಯೇ ಇತ್ತು. ಅವಳ ಪಕ್ಕದಲ್ಲಿ ನಿಂತು ಗೋಡೆ ಗಡಿಯಾರದ ಸದ್ದು ಕೇಳಿಸಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಲವತ್ತು. ಐವತ್ತು.

"ಇನ್ನೊಂದು ಗುಣ ಬರ್ಕೊಳ್ಳಿ ಮೇಡಂ," ಕಾವಲುಗಾರ ಪಿಸುಗುಟ್ಟಿದ. "ಬಾಯಿ ಮುಚ್ಚಿಸುತ್ತೆ."

ಅತ್ತೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅರವತ್ತೊಂದನೆಯ ಹನಿಗೆ ನೀಲಿ ಬಂತು.

ಮೇಡಂ ಸಹಿ ಹಾಕಿದರು. "ಜ್ವರ, ಭೇದಿ ಎಲ್ಲ ಹಿರಿಯರ ಮಾತು, ನೀವು ಹೇಳ್ಕೊಳ್ಳಿ. ನಾನು ಅಳೆದದ್ದನ್ನ ಮಾತ್ರ ಬರೀತೀನಿ."

ಐದಕ್ಕೆ ಹತ್ತು ನಿಮಿಷವಿರುವಾಗ ಶಾಲೆ ಮುಟ್ಟಿದೆವು. ಮುಖ್ಯೋಪಾಧ್ಯಾಯಿನಿ ವರದಿಯನ್ನು ಎರಡು ಸಲ ಓದಿ, "ಸೋಮವಾರದಿಂದ ಶುರು ಮಾಡಿ. ಹುರೀಬೇಡಿ, ಅಷ್ಟೇ" ಅಂದರು.

ಮನೆಯ ದಾರಿಯುದ್ದಕ್ಕೂ ಅತ್ತೆ ಆ ಅರವತ್ತೊಂದು ಹನಿಗಳ ಹೊತ್ತಿನಲ್ಲಿ ಆಡದೆ ಉಳಿಸಿಕೊಂಡಿದ್ದ ಮಾತುಗಳನ್ನೆಲ್ಲ ಆಡಿ ಮುಗಿಸಿದಳು.