ಅರವತ್ತಮೂರು ಪಾಳಿ

ಮೇಡಂ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಹಾಳೆ ತಿರುಗಿಸುತ್ತಾರೆ, ಹಾಗೆ ಮಾಡಬಾರದು, ಸೋಂಕು ಹತ್ತುವುದೇ ಹಾಗೆ, ನಮ್ಮ ವಾರ್ಡಾಗಿದ್ದರೆ ಗದರುತ್ತಿದ್ದೆ — ಆದರೆ ಇಲ್ಲಿ ನನ್ನ ಹದಿನೇಳು ವರ್ಷದ ನರ್ಸ್ ಕೆಲಸವನ್ನು ಯಾರು ಕೇಳುತ್ತಾರೆ, ನಲವತ್ತೊಂದನೇ ವಯಸ್ಸಿಗೆ ಎಂ.ಎ. ಕಟ್ಟಿ ಕುರ್ಚಿಯ ಅಂಚಿನಲ್ಲಿ ಕೂತ ವಿದ್ಯಾರ್ಥಿ ನಾನು, ಸಂಜೆ ನಾಲ್ಕರೊಳಗೆ ಪ್ರಬಂಧದ ವಿಷಯ ಒಪ್ಪಿಗೆಯಾಗದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಎರಡು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇವರಿಗೆ ಹುಡುಗರು ಇಟ್ಟ ಹೆಸರು ಕತ್ತರಿ ಮೇಡಂ, ಸುಮ್ಮನೆ ಇಟ್ಟಿಲ್ಲ, ಮೊದಲ ಸಲ ನಾನು ತಂದದ್ದು ಕಾದಂಬರಿಯಲ್ಲಿ ಸಾವು, ಯಾವ ಕಾದಂಬರೀಲಿ ಯಾರೂ ಸಾಯಲ್ಲ ಹೇಳಿ, ಕತ್ತರಿಸಿದರು, ಎರಡನೇ ಸಲ ಆಧುನಿಕ ಮನುಷ್ಯನ ಒಂಟಿತನ, ಅದಕ್ಕೆ ಒಂದು ಜನ್ಮ ಸಾಲಲ್ಲ, ನಿಮಗಿರೋದು ಐದು ತಿಂಗಳು, ಅದನ್ನೂ ಕತ್ತರಿಸಿದರು, ಈಗ ಮೂರನೆಯದು, ಕಾಯಿಲೆಯ ತಾತ್ವಿಕ ನೆಲೆಗಳು, ತಾತ್ವಿಕ ಅಂತ ಹಾಕು ಮಾರಾಯಾ, ತೂಕ ಬರುತ್ತೆ ಎಂದ ಗೆಳೆಯ, ಹಾಕಿದೆ, ಅರ್ಥ ಕೇಳಿದರೆ ದೇವರೇ ಗತಿ — ಮೇಡಂ ಯಾಕೆ ಅಷ್ಟು ಹೊತ್ತು ಒಂದೇ ಹಾಳೆ ನೋಡುತ್ತಿದ್ದಾರೆ, ಕಿಟಕಿಯ ಬೆಳಕಿಗೆ ಹಾಳೆಯ ಬೆನ್ನಿನಿಂದ ನೀಲಿ ಗೆರೆ ಕಾಣುತ್ತಿದೆ, ಖಾನೆ, ಖಾನೆಯ ಕೆಳಗೆ ಖಾನೆ, ಅಯ್ಯೋ, ಅದು ರೂಪುರೇಷೆಯ ಹಾಳೆಯಲ್ಲ, ಫೈಲಿನಲ್ಲಿ ಡ್ಯೂಟಿ ಚಾರ್ಟು ಸೇರಿಕೊಂಡಿದೆ, ನನ್ನ ಹುಚ್ಚಾಟದ ಚಾರ್ಟು.

ಕೈ ಸುಮ್ಮನಿರಲಿಲ್ಲ, ಅಷ್ಟೇ, ಮೊನ್ನೆ ವಾರ್ಡಿನಲ್ಲಿ ಮಧ್ಯಾಹ್ನದ ಬಿಡುವಿಗೆ ಪಠ್ಯದ ಆ ದಪ್ಪ ಕಾದಂಬರಿ ಓದುತ್ತಿದ್ದೆ, ನಾಯಕನಿಗೆ ಜ್ವರ, ಇಪ್ಪತ್ತೊಂದು ದಿನ ಸಾವು ಬದುಕಿನ ನಡುವೆ, ರೋಗಿ ಕಂಡ ಮೇಲೆ ನಾನು ಬಿಡುವುದುಂಟೇ, ಹಾಳೆ ತೆಗೆದು ಮೇಲೆ ಕಾದಂಬರಿಯ ಹೆಸರು ಬರೆದು ಗೆರೆ ಹಾಕಿದೆ, ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಪಾಳಿ, ಅರವತ್ತಮೂರು ಖಾನೆ, ಯಾರು ಪಕ್ಕದಲ್ಲಿದ್ದರು, ಏನು ಕೊಟ್ಟರು. ಹನ್ನೊಂದು ಪುಟದಲ್ಲಿ ಆ ಪುಣ್ಯಾತ್ಮ ಬಾಲ್ಯ ನೆನೆದ, ದೇವರ ಜೊತೆ ವಾದ ಮಾಡಿದ, ಡಾಕ್ಟರು ಎರಡು ಸಲ ಬಂದರು, ಗೆಳೆಯ ಒಂದು ಸಲ, ಆದರೆ ನೀರು ಕುಡಿಸಿದವರು ಯಾರು, ಚಾದರ ಬದಲಿಸಿದವರು ಯಾರು, ಮಗ್ಗುಲು ಬದಲಿಸದೆ ಮೂರು ವಾರ ಮಲಗಿದರೆ ಬೆನ್ನು ಹುಣ್ಣಾಗಿ ಕೊಳೆಯುತ್ತದೆ ಸ್ವಾಮಿ, ಇವನು ಮುಂದಿನ ಪುಟದಲ್ಲೇ ಎದ್ದು ಗುಡ್ಡ ಹತ್ತಿದ, ನಾನು ನಕ್ಕ ನಗುವಿಗೆ ಆರನೇ ಹಾಸಿಗೆಯ ಅಜ್ಜ ಎಚ್ಚರಾದ. ಆಮೇಲೆ ಒಂದು ಸಾಲು ಕಂಡಿತು, ಒಂದೇ ಸಾಲು, ಯಾರೋ ಒದ್ದೆ ಬಟ್ಟೆ ಹಿಂಡಿ ಹಣೆಯ ಮೇಲೆ ಹಾಕಿದರು. ನಗು ನಿಂತಿತು. ಯಾರೋ ಎಂದರೆ ಯಾರು, ಬೋಗುಣಿಯ ಮೇಲೆ ಬಾಗಿದ ಆ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ — ಇದೇನ್ರೀ, ಡ್ಯೂಟಿ ಚಾರ್ಟಾ? ತಪ್ಪಾಯ್ತು ಮೇಡಂ, ಹಾಳೆ ಅದಲುಬದಲಾಯ್ತು, ಸರಿಯಾದ್ದು ಕೊಡ್ತೀನಿ. ಇರಿ ಇರಿ, ಐವತ್ತೊಂಬತ್ತು ಖಾನೆ ಯಾಕೆ ಖಾಲಿ? ಅದನ್ನ ಕಾದಂಬರಿ ಬರೆದವರನ್ನೇ ಕೇಳ್ಬೇಕು ಮೇಡಂ. ಅವರು ತೀರಿಕೊಂಡ್ರು, ನೀವಿದೀರಲ್ಲ, ನೀವು ಹೇಳಿ. ಹೇಳಿದೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ, ಬೆನ್ನಿನ ಹುಣ್ಣು, ಬೆವರಿನ ಚಾದರ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕು, ಒಬ್ಬರೇ ಮಾಡಿದರೆ ಮೂರನೇ ದಿನಕ್ಕೆ ಅವರೂ ಮಲಗುತ್ತಾರೆ, ತಾತ್ವಿಕ ಎನ್ನುವ ಪದ ಒಂದು ಸಲವೂ ಬರಲಿಲ್ಲ. ಮೇಡಂ ಕನ್ನಡಕ ತೆಗೆದರು, ಇಪ್ಪತ್ತೆರಡು ವರ್ಷದಿಂದ ಈ ಕಾದಂಬರೀನ ಪಾಠ ಮಾಡ್ತಿದೀನಿ ಕಣ್ರೀ, ಇವನಿಗೆ ಯಾರಾದ್ರೂ ನೀರು ಕುಡಿಸಿದ್ರಾ ಅಂತ ಒಂದು ದಿನಾನೂ ಕೇಳಿಕೊಳ್ಳಲಿಲ್ಲ, ಇದನ್ನೇ ಬರೀರಿ. ಹತ್ತು ಕಾದಂಬರಿ ತಗೊಳ್ಳಲಾ ಮೇಡಂ? ದುರಾಸೆ ಬೇಡ, ಮೂರು ಸಾಕು, ಕಾಯಿಲೆಯ ಕೋಣೆ ಮಾತ್ರ, ಅಲ್ಲಿ ಯಾರಿದ್ದಾರೆ, ಯಾರನ್ನ ಬರೆದಿಲ್ಲ, ಯಾಕೆ ಬರೆದಿಲ್ಲ. ಸಹಿ ಬಿತ್ತು, ಗಡಿಯಾರದಲ್ಲಿ ಮೂರೂ ಇಪ್ಪತ್ತು. ಅಂದಹಾಗೆ ಇದು ನಿಮಗೆ ಹೇಗೆ ಹೊಳೀತು? ಕೆಲಸದ ಅಭ್ಯಾಸ ಮೇಡಂ, ಎಂದೆ.

ಹೋದ ಜೀವ ಬಂತು, ನಿಜವಾಗಿ ಬಂತು, ಮೆಟ್ಟಿಲನ್ನು ಎರಡೆರಡು ಹಾರಿ ಇಳಿಯುತ್ತಿದ್ದೇನೆ, ಈ ವಯಸ್ಸಿಗೆ ಮಂಡಿ ಹೋದರೆ ನನ್ನ ಚಾರ್ಟು ಯಾರು ಬರೆಯಬೇಕು, ಗುಮಾಸ್ತ ಮುದ್ರೆ ಒತ್ತುತ್ತ, ಏನ್ ಸಾರ್, ಲಾಟರಿ ಹೊಡೀತಾ? ಹೊಡೀತು ಕಣಯ್ಯಾ, ಹೊಡೀತು. ಹೊರಗೆ ಬಿಸಿಲು, ಬೆಂಚಿನ ಮೇಲೆ ಕೂತು ಮನೆಗೆ ಫೋನು ಹಚ್ಚುತ್ತೇನೆ, ಎತ್ತಿದ್ದು ಅತ್ತಿಗೆ, ಅಣ್ಣನ ಹೆಂಡತಿ, ಒಪ್ಪಿದ್ರಾ? ಒಪ್ಪಿದ್ರು. ಸದ್ಯ, ಬದುಕಿದ್ರಿ, ಇನ್ನು ಮನೆಯಲ್ಲಿ ಸಿಡಿಸಿಡಿ ಅನ್ನಲ್ವಲ್ಲ, ಏನಂತೆ ವಿಷಯ? ಹೇಳಿದೆ, ಇಪ್ಪತ್ತೊಂದು ದಿನ ಜ್ವರ ಅತ್ತಿಗೆ, ನೋಡಿಕೊಂಡವರು ಯಾರು ಅಂತಲೇ ಇಲ್ಲ. ಇಪ್ಪತ್ತೊಂದಾ, ಅತ್ತೇದು ಇಪ್ಪತ್ತಾರು, ಎಂದಳು, ತಡವರಿಸದೆ, ಸುಮ್ಮನೆ. ಹೌದು, ಹೋದ ವರ್ಷ ಅಮ್ಮ ಜ್ವರ ಬಂದು ಮನೆಯಲ್ಲೇ ಮಲಗಿದ್ದು ಇಪ್ಪತ್ತಾರು ದಿನ, ನಾನು ಮರೆತಿದ್ದೆ, ಸಂಜೆ ಯೂನಿಫಾರಂನಲ್ಲೇ ಬಂದು ಡ್ರಿಪ್ ಸರಿಮಾಡಿ ಚಾರ್ಟು ತುಂಬುತ್ತಿದ್ದೆ, ಮಗ ನರ್ಸ್ ಆಗಿದ್ದಕ್ಕೆ ಮುದುಕಿ ಉಳೀತು ಎಂದರು ಬಂದ ನೆಂಟರೆಲ್ಲ, ನಾನು ಅಲ್ಲ ಅನ್ನಲಿಲ್ಲ, ಹೊಗಳಿದರೆ ಯಾರಿಗೆ ಬೇಡ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಮೂರೂ ಖಾನೆಯಲ್ಲಿ ನನ್ನದೇ ಸಹಿ, ನಾನು ಆಸ್ಪತ್ರೆಯ ಕೆಲಸದಲ್ಲಿದ್ದ ಹೊತ್ತಿಗೂ ನನ್ನದೇ ಸಹಿ, ತರಬೇತಿ ಆದವರ ಸಹಿ ಇರಬೇಕಲ್ಲ ಎಂದು, ಎಪ್ಪತ್ತೆಂಟು ಸಹಿ, ಆ ಕಾದಂಬರಿಕಾರ ಖಾಲಿ ಬಿಟ್ಟ, ನಾನು ಖಾಲಿಯೂ ಬಿಡಲಿಲ್ಲ — ಅತ್ತಿಗೆ, ಆ ಚಾರ್ಟು, ಅದರಲ್ಲಿ ನಾನು… ಯಾವ ಚಾರ್ಟು? ಬೇಗ ಬನ್ನಿ, ಎಲ್ಲರಿಗೂ ಖುಷಿಯಾಗುತ್ತೆ, ಅವಳ ದನಿಯಲ್ಲಿ ನಗು, ಹಿಂದೆ ನಲ್ಲಿ ಬಿಟ್ಟ ಸದ್ದು, ನನಗೆ ನಾಚಿಕೆಯಾಗುತ್ತಿದೆ, ಎದೆ ಹಗುರವೂ ಆಗುತ್ತಿದೆ, ಎರಡೂ ಒಟ್ಟಿಗೆ, ಏನು ಬರೆಯಬೇಕೆಂದು ಈಗ ಗೊತ್ತು, ಬೋಗುಣಿಯ ಮೇಲೆ ಮಡಚಿದ ತೋಳು, ಸೋಪಿಗೆ ಬಿರಿದ ಬೆರಳು, ಬಟ್ಟೆ ತಿರುಚುತ್ತದೆ, ನೀರು ಇಳಿಯುತ್ತದೆ, ಮತ್ತೆ ಅದ್ದುತ್ತದೆ, ಮತ್ತೆ ಹಿಂಡುತ್ತದೆ, ಆ ಕೈ, ಅತ್ತಿಗೆಯ ಕೈ —