ಎಡಗಣ್ಣಿನ ಅಮ್ಮ

ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಅಪ್ಪನಿಗೆ ಲೋಕ ಎರಡಾಯಿತು. ನಮ್ಮ ಫೋಟೋ ಸ್ಟುಡಿಯೋದ ಬಿಳಿ ಪರದೆಯ ಮುಂದೆ ಕೂತು ಒಮ್ಮೆ ಬಲಗಣ್ಣು, ಒಮ್ಮೆ ಎಡಗಣ್ಣು ಮುಚ್ಚುತ್ತಿದ್ದರು. ಆಪರೇಷನ್ ಆದ ಬಲಗಣ್ಣಿಗೆ ಪರದೆ ಹಾಲುಬಿಳುಪು. ಪೊರೆ ಇನ್ನೂ ಇದ್ದ ಎಡಗಣ್ಣಿಗೆ ಅದೇ ಪರದೆ ಚಹಾ ಚೆಲ್ಲಿದ ಹಾಗೆ ಹಳದಿ.

"ಒಂದು ಕಣ್ಣಲ್ಲಿ ಬೆಳಗಾಗಿದೆ ಕಣೇ, ಇನ್ನೊಂದರಲ್ಲಿ ಸಂಜೆ," ಎಂದರು. ಆ ಸುಖದಲ್ಲೇ ತೇಲುತ್ತ ಕೂತರು. ಗಿರಾಕಿಗಳ ಜೊತೆ ಒದ್ದಾಡಿದ್ದು ನಾನೊಬ್ಬಳೇ.

ಆಮೇಲೆ ಗೋಡೆಯ ಮೇಲಿದ್ದ ಅಮ್ಮನ ಫೋಟೋ ಕಣ್ಣಿಗೆ ಬಿತ್ತು. ಅಮ್ಮ ತೀರಿಕೊಂಡ ವರ್ಷ ಅಪ್ಪನೇ ತೆಗೆದು, ಅಪ್ಪನೇ ಬಣ್ಣ ಹೊಂದಿಸಿ ಪ್ರಿಂಟ್ ಹಾಕಿದ್ದು. ಬಲಗಣ್ಣಲ್ಲಿ ನೋಡಿದವರು ಮಂಕಾದರು.

"ಇವಳ್ಯಾಕೆ ಇಷ್ಟು ನೀಲಿ?"

ಪೊರೆಯಿಂದಾಗಿ ಆಗ ಅಪ್ಪನಿಗೆ ಎಲ್ಲರೂ ಹಳದಿಯಾಗಿ ಕಾಣುತ್ತಿದ್ದರು. ಸರಿಪಡಿಸಲು ಹೋಗಿ ಅಪ್ಪ ಎಲ್ಲ ಮುಖಗಳಿಗೂ ನೀಲಿ ಸುರಿದಿದ್ದರು. ಅಮ್ಮ ಆಗಲೇ ಕೇಳಿದ್ದಳು: "ನನ್ನನ್ನೇನು ಫ್ರಿಜ್ಜಲ್ಲಿಟ್ಟು ತೆಗೆದ್ರಾ?" "ಬಣ್ಣ ನಿನಗೆ ಗೊತ್ತೋ, ನನಗೆ ಗೊತ್ತೋ?" ಎಂದು ಅಪ್ಪ ಅವಳ ಬಾಯಿ ಮುಚ್ಚಿಸಿದ್ದರು.

ಮರುದಿನ ಎಡಗಣ್ಣಿನ ಆಪರೇಷನ್ ಆಗಬೇಕಿತ್ತು. ಅಪ್ಪ ಬರುವುದಿಲ್ಲವೆಂದು ಹಟ ಹಿಡಿದರು.

"ಹೀಗೇ ಬಿಟ್ರೆ ಆ ಕಣ್ಣೇ ಹೋಗುತ್ತಂತೆ, ಅಪ್ಪಾ."

"ಈ ಕಣ್ಣಲ್ಲಿ ನೋಡಿದ್ರೆ ಅವಳು ಅವಳ ಹಾಗೇ ಇದಾಳೆ. ಇದನ್ನೂ ತೊಳೆಸ್ಕೊಂಡ್ರೆ ಅವಳನ್ನ ಯಾವುದರಲ್ಲಿ ನೋಡಲಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಫೋಟೋ ಕೆಳಗಿಳಿಸಿ ಅವರ ಮುಂದಿಟ್ಟು, ಕಂಪ್ಯೂಟರಿನಲ್ಲಿ ಹಳೆಯ ಫೈಲ್ ತೆರೆದೆ. ಒಂದಿಷ್ಟು ನೀಲಿ ತೆಗೆದು ಚಿಕ್ಕ ಪ್ರಿಂಟ್ ಹಾಕಿದೆ. ಅಪ್ಪ ಎಡಗಣ್ಣಲ್ಲಿ ಹಳೆಯದನ್ನೂ ಬಲಗಣ್ಣಲ್ಲಿ ಹೊಸದನ್ನೂ ನೋಡಿದರು. "ಇನ್ನೂ." ಮತ್ತಷ್ಟು ತೆಗೆದೆ. "ಇನ್ನೂ ಸ್ವಲ್ಪ." ಕಿಟಕಿಯ ಬೆಳಕು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಮೇಜಿನ ತುಂಬ ಅಮ್ಮಂದಿರು, ನೀರಿನಡಿಯಿಂದ ಒಬ್ಬೊಬ್ಬಳೇ ಮೇಲೆ ಬರುತ್ತಿರುವಂತೆ.

"ಸಾಕು, ಇದೇ," ಎಂದರು ಅಪ್ಪ.

ಅವರೊಬ್ಬರಿಗೇ ಸರಿಯೆನಿಸುವ ಯಾವುದೋ ಬಣ್ಣ ಇರಬೇಕು ಎಂದುಕೊಂಡು ಕೈಗೆತ್ತಿಕೊಂಡೆ. ಗೋಧಿ ಬಣ್ಣದ ಕೆನ್ನೆ. ತುಟಿಯ ಪಕ್ಕ ಕಂದು ಮಚ್ಚೆ. ದಿನಾ ಆ ನೀಲಿ ಫೋಟೋ ನೋಡಿ ನೋಡಿ, ಅಮ್ಮ ಹೀಗಿದ್ದಳು ಎಂಬುದನ್ನೇ ನಾನು ಮರೆತುಬಿಟ್ಟಿದ್ದೆ. ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಅಪ್ಪ ನನ್ನ ಬೆನ್ನು ಸವರಿದರು. "ನಿನಗೂ ಸರಿಯಾಗಿ ಕಾಣ್ತಿದಾಳಾ?"

"ಹೂಂ."

"ಹಾಗಾದ್ರೆ ನಾಳೆ ಬೇಗ ಎಬ್ಬಿಸು, ಆಸ್ಪತ್ರೆಗೆ ಹೋಗಿ ಬರೋಣ."

ಆಮೇಲೆ ಅಮ್ಮನ ಕಡೆ ತಿರುಗಿ, ನನಗೆ ಕೇಳಿಸುವುದಿಲ್ಲ ಅಂದುಕೊಂಡು, ಮೆಲ್ಲಗೆ ಹೇಳಿದರು: "ಬಣ್ಣ ನಿನಗೇ ಗೊತ್ತಿತ್ತು ಕಣೇ."